ಕಟ್ಟೆಗೆ ಬೆನ್ನು ಹಾಕಿ ನಿಲ್ಲುವ ಅಪ್ಪಿ

ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಯಾರೂ ಇಲ್ಲ. ಹಿಂದಿನ ರಾತ್ರಿ ದೀಪ ಆರಿಸಿ, ಬೀಗ ಜಡಿದು, ಎಳೆದು ನೋಡಿ ಹೋದವರು ಅಪ್ಪಿಯೇ. ಆದರೂ ಬೆಳಕು ಹರಿಯುವ ಮುನ್ನ ಅವರು ಆ ಬಾಗಿಲ ಮುಂದೆ ಬಂದು ನಿಂತು, ಕೀಲಿ ಹಾಕುವ ಮೊದಲು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ. ತಟ್ಟಿ ಕಾಯುತ್ತಾರೆ. ಓಣಿಯಲ್ಲಿ ಮಲಗಿದ್ದ ನಾಯಿ ತಲೆಯೆತ್ತಿ ನೋಡುತ್ತದೆ, ಅಪ್ಪಿಯನ್ನಲ್ಲ, ಬಾಗಿಲನ್ನು. ಮೇಲಿನ ಬಾಲ್ಕನಿಗಳಲ್ಲಿ ರಾತ್ರಿಯಿಡೀ ಉರಿದ ಆಕಾಶಬುಟ್ಟಿಗಳು ಗಾಳಿಯಿಲ್ಲದಿದ್ದರೂ ಅಷ್ಟಿಷ್ಟು ತಿರುಗುತ್ತಿವೆ. ಆಮೇಲೆ ಕೀಲಿ ತಿರುಗುತ್ತದೆ, ಅಡುಗೆಮನೆಯ ಕತ್ತಲೆ ಹಳೆಯ ಒಗ್ಗರಣೆಯ ವಾಸನೆ ಹೊತ್ತು ಹೊರಗೆ ಬರುತ್ತದೆ.

"ಒಳಗೆ ಯಾರಾದ್ರೂ ಊಟಕ್ಕೆ ಕೂತಿದ್ರೆ ಏಳ್ಲಿಕ್ಕೆ ಸ್ವಲ್ಪ ಹೊತ್ತು ಬೇಡ್ವಾ?" ಎನ್ನುತ್ತಾರೆ ಅಪ್ಪಿ. ಇದನ್ನು ಹೇಳುವಾಗ ಅವರ ಮುಖದಲ್ಲಿ ನಗುವಿಲ್ಲ. "ಉಣ್ಣುವವರ ಮೇಲೆ ಹಾಗೆ ಏಕಾಏಕಿ ಬಾಗಿಲು ತೆರೀಬಾರ್ದು."

ಪುಣೆಯ ಬಿಬವೇವಾಡಿಯಲ್ಲಿ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ದೇವದಾಸ್ ಎಂಬ ಕರಾವಳಿ ಕಡೆಯವರು ನಡೆಸುವ ಸಸ್ಯಾಹಾರಿ ಹೋಟೆಲೊಂದಿದೆ. ಮುಂಬಾಗಿಲಲ್ಲಿ ಫಿಲ್ಟರ್ ಕಾಫಿ, ಮಸಾಲೆ ದೋಸೆ, ಗಲ್ಲಾಪೆಟ್ಟಿಗೆಯ ಮೇಲೆ ಹಾರ ಹಾಕಿದ ದೇವರು. ಅಲ್ಲಿಗೆ ಬರುವ ಯಾರಿಗೂ ಅಪ್ಪಿ ಗೊತ್ತಿಲ್ಲ, ಅವರ ಕಾರುಬಾರೆಲ್ಲ ಹಿಂಬಾಗಿಲಿನದು. ಅರವತ್ತರ ಹತ್ತಿರ ಬಂದ ಬಡಕಲು ಹೆಂಗಸು, ಮೊಣಕಾಲಿಗಿಂತ ಮೇಲೆ ಸಿಕ್ಕಿಸಿದ ಸೀರೆ, ಕುತ್ತಿಗೆಯಲ್ಲಿ ಕರಿಮಣಿ. ಆ ಕರಿಮಣಿಗೊಂದು ಕಥೆಯಿದೆ, ಅದು ಮುಂದೆ ಬರುತ್ತದೆ. ಬೆಂಕಿಯ ಮುಂದಿನ ಅಡುಗೆಯವರು ಅವರನ್ನು "ಉಳಿಕೆ ಖಾತೆ ಮಂತ್ರಿ" ಎಂದು ಛೇಡಿಸುತ್ತಾರೆ. ಮಾತು ಸುಳ್ಳೇನಲ್ಲ. ಈ ಹೋಟೆಲಿನಲ್ಲಿ ಬೇಯಿಸುವುದು ಬೇರೆಯವರ ಕೆಲಸ, ಉಳಿದದ್ದು ಅಪ್ಪಿಯ ಕೆಲಸ.

ತಂಪುಪೆಟ್ಟಿಗೆಯಿಂದ ಒಂದೊಂದೇ ಪಾತ್ರೆ ಹೊರಗೆ ಬರುತ್ತದೆ. ಅಪ್ಪಿ ಮುಚ್ಚಳ ತೆಗೆದು ಮೂಸುತ್ತಾರೆ, ಬೆರಳಿಂದ ಒತ್ತುತ್ತಾರೆ, ಒಂದು ಚೂರು ನಾಲಗೆಗೆ ಮುಟ್ಟಿಸುತ್ತಾರೆ. ನಿನ್ನೆಯ ಇಡ್ಲಿ ಪುಡಿಯಾಗಿ, ಈರುಳ್ಳಿ ಸಾಸಿವೆಯ ಜೊತೆ ಸೇರಿ ಉಪ್ಪಿಟ್ಟಾಗುತ್ತದೆ. ಜ್ಯೂಸಿನವನು ಬಿಟ್ಟ ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯೊಂದಿಗೆ ರುಬ್ಬಿ ದೋಸೆಯಾಗುತ್ತದೆ. ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಕೊತ್ತಂಬರಿಯ ದಂಟು ಸಾರಿಗೆ. ಅನುಮಾನ ಬಂದದ್ದು ಮುಲಾಜಿಲ್ಲದೆ ಗೊಬ್ಬರದ ಬುಟ್ಟಿಗೆ. "ಚಟ್ನಿ ಮತ್ತು ನೆಂಟ, ಎರಡೂ ಒಂದೇ ದಿನಕ್ಕೆ ಚಂದ" ಎಂದು ನಿನ್ನೆಯ ಕಾಯಿಚಟ್ನಿಯನ್ನು ಸುರಿದುಬಿಡುತ್ತಾರೆ. ಬಡವರಿಗೆ ಕೊಡುವುದೆಂದರೆ ಹಳಸಿದ್ದು ದಾಟಿಸುವುದು ಎಂದು ತಿಳಿದವರ ಮೇಲೆ ಅವರಿಗೆ ಬರುವ ಸಿಟ್ಟು ನೋಡಬೇಕು. ಒಮ್ಮೆ ಯಾರೋ ಮದುವೆಮನೆಯಿಂದ ಹುಳಿಬಂದ ಪಲ್ಯ ತಂದು ಪುಣ್ಯ ಕಟ್ಟಿಕೊಳ್ಳಲು ಬಂದಿದ್ದರಂತೆ. "ಮೊದ್ಲು ನೀವು ಒಂದು ತುತ್ತು ತಿನ್ನಿ, ನಾನು ನೋಡ್ತೇನೆ" ಎಂದರಂತೆ ಅಪ್ಪಿ. ಬಂದವರು ಬಂದ ದಾರಿಗೆ ಸುಂಕವಿಲ್ಲ ಎಂದು ನಡೆದರು.

ನಲವತ್ತು ಐವತ್ತು ಸ್ಟೀಲು ಡಬ್ಬಿಗಳು ತುಂಬುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಮೂಡುತ್ತದೆ. ಹಿಂಬಾಗಿಲಿನ ಎದುರಿಗೇ, ಪಕ್ಕದ ಹೌಸಿಂಗ್ ಸೊಸೈಟಿಯ ಗೋಡೆಗೆ ಒರಗಿಕೊಂಡು ಒಂದು ಕಲ್ಲಿನ ಕಟ್ಟೆಯಿದೆ. ಡಬ್ಬಿಗಳನ್ನು ಸಾಲಾಗಿ ಅಲ್ಲಿ ಜೋಡಿಸಿಟ್ಟು, ಅಪ್ಪಿ ಕಟ್ಟೆಗೆ ಬೆನ್ನು ಹಾಕಿ, ಹೋಟೆಲಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಚೌಕದಲ್ಲಿ ದಿನಗೂಲಿಗೆ ಕಾಯುವ ಕಲಬುರಗಿ, ಯಾದಗಿರಿ, ಲಾತೂರು ಕಡೆಯ ಜನ ಬರುತ್ತಾರೆ. ಬಂದದ್ದು ಕಿವಿಗೆ ಮಾತ್ರ ತಿಳಿಯುತ್ತದೆ: ಚಪ್ಪಲಿಯ ಸರಸರ, ಮುಚ್ಚಳದ ಕಟಕ್, ಎಲ್ಲೋ ಒಂದು ಕೆಮ್ಮು. ಅಪ್ಪಿ ತಿರುಗುವುದಿಲ್ಲ. ಸಂಜೆಯೊಳಗೆ ಡಬ್ಬಿಗಳು ತೊಳೆಸಿಕೊಂಡು, ಬೋರಲು ಬಿದ್ದು, ಅದೇ ಕಟ್ಟೆಯ ಮೇಲೆ ಮರಳಿ ಬಂದಿರುತ್ತವೆ. ಯಾರು ಕೊಂಡೊಯ್ದರು, ಯಾರು ತಂದಿಟ್ಟರು, ಅವರಿಗೆ ಇಂದಿಗೂ ಗೊತ್ತಿಲ್ಲ.

ಸೊಸೈಟಿಯ ಕಾವಲುಗಾರ ಶಿವಪ್ಪ ಆಳಂದದ ಕಡೆಯವರು. "ಅಕ್ಕಾರು ಇಷ್ಟ್ ವರ್ಷ ಅನ್ನ ಹಾಕ್ಯಾರ, ಉಂಡವ್ರ ಮಾರಿ ಒಂದ್ ದಿನಾನೂ ನೋಡಿಲ್ರಿ" ಎನ್ನುತ್ತಾರೆ ಅವರು. "ನಾ ನೋಡಿದ್ರ ನನಗೂ ಬೈತಾರ. ಮುಂಜಾನಿ ಮಬ್ಬಿನ್ಯಾಗ ಹಂಗ ಗ್ವಾಡಿ ಕಡಿ ಮಾರಿ ಮಾಡಿ ನಿಂತಿದ್ದು ಕಂಡ್ರ ಒಮ್ಮೊಮ್ಮೆ ಮೈ ಜುಂ ಅಂತದ್ರಿ. ಅಕ್ಕಾರು ಮನಷ್ಯಾರಿಗಿ ಇಡಾಕತ್ಯಾರೋ, ಬ್ಯಾರೆ ಯಾರಿಗರ ಇಡಾಕತ್ಯಾರೋ ಅಂತ."

ಶಿವಪ್ಪನವರ ಅನುಮಾನ ತೀರಾ ಹುಸಿಯಲ್ಲ.

ಅಪ್ಪಿಯ ಗಂಡ ಕಿಟ್ಟಿ ಲೋಣಾವಳಾದ ಒಂದು ಹೋಟೆಲಿನಲ್ಲಿ ಅಡುಗೆಗಿದ್ದವರು. ಅಪ್ಪಿ ಇಲ್ಲಿ, ಅವರು ಅಲ್ಲಿ. ವಾರಕ್ಕೊಮ್ಮೆ ಲೋಕಲ್ ರೈಲಿನಲ್ಲಿ ಬಂದು, ಉಂಡು, ಮಲಗಿ, ಮರುದಿನ ಹೋಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಅಡುಗೆ ಚೆನ್ನಾಗಿದ್ದರೆ ತುಟಿ ಬಿಚ್ಚುತ್ತಿರಲಿಲ್ಲ. ಹುರುಳಿ ಸಾರನ್ನು ಕುಚ್ಚಲಕ್ಕಿ ಅನ್ನಕ್ಕೆ ಕಲಸಿ, ಮೊದಲ ತುತ್ತು ನುಂಗಿ, ತಾಟಿನ ಅಂಚನ್ನು ಬೆರಳಿಂದ ತಟ್ಟಿ, "ಒಂದು ಹರಳು ಕಡಿಮೆ" ಎನ್ನುವುದೊಂದೇ ಅವರ ಮಾತು. ಉಪ್ಪಿನ ವಿಷಯ. "ಹೋಟೆಲಿನಲ್ಲಿ ಅಷ್ಟು ಜನ ತಿಂದು ಹೋಗ್ತಾರೆ, ಒಬ್ರಿಗೂ ಕಡಿಮೆ ಅನ್ನಿಸ್ಲಿಲ್ಲ, ಇವ್ರಿಗೆ ಮಾತ್ರ ಕಡಿಮೆ" ಎಂದು ಅಪ್ಪಿ ಈಗಲೂ ಸಿಡುಕುತ್ತಾರೆ. ಆದರೆ ಸಿಡುಕು ಮುಗಿಯುವ ಮೊದಲೇ ಕಣ್ಣು ಬೇರೆ ಕಡೆ ಹೊರಳುತ್ತದೆ.

ಕಿಟ್ಟಿಗೂ ಉಳಿದದ್ದನ್ನು ಎಸೆದು ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಮಧ್ಯಾಹ್ನ ಮಿಕ್ಕಿದ್ದನ್ನು ಹಿಡಿಕೆಯ ತೂಕುಪಾತ್ರೆಗೆ ತುಂಬಿಸಿ, ಸ್ಟೇಷನ್ನಿನ ಆಚೆ ಮಳೆಗೆ ಆಸರೆ ಹುಡುಕಿ ಕೂತವರಿಗೆ ಕೊಟ್ಟು ಬರುತ್ತಿದ್ದರು. ಒಂದು ಆಷಾಢದಲ್ಲಿ ಲೋಣಾವಳಾಕ್ಕೆ ಆಕಾಶ ಹರಿದುಬಿತ್ತು. ಎದುರಿಗೆ ನಿಂತವರ ಮುಖ ಕಾಣದಂಥ ಮಳೆ, ಅದರ ಮೇಲೆ ಮಂಜು. ಆ ಮಳೆಯಲ್ಲೂ ಕಿಟ್ಟಿ ಪಾತ್ರೆ ಹಿಡಿದು ಹೊರಟರು. ಹೋಗುವುದನ್ನು ಕಂಡವರಿದ್ದಾರೆ, ಬರುವುದನ್ನು ಕಂಡವರಿಲ್ಲ. ಕೊಡೆ ಮಾತ್ರ ಮಾರನೆಯ ದಿನ ಒಂದು ಬೇಲಿಗೆ ಸಿಕ್ಕಿಕೊಂಡಿತ್ತು. ಪೊಲೀಸರು ಹುಡುಕಿದರು, ದೇವದಾಸ್ ಆಳುಗಳನ್ನು ಕರೆದೊಯ್ದು ಕಣಿವೆ ಇಳಿದು ಹುಡುಕಿಸಿದರು. ಮನುಷ್ಯನೂ ಸಿಗಲಿಲ್ಲ, ಪಾತ್ರೆಯೂ ಸಿಗಲಿಲ್ಲ.

ಅಂದಿನಿಂದ ಅಪ್ಪಿಯ ಕಟ್ಟೆ ಶುರುವಾಯಿತು. "ಅವ್ರು ಎಲ್ಲಿಯೋ ನೆನಪು ತಪ್ಪಿ ತಿರುಗ್ತಾ ಇದ್ರೆ, ಯಾರೋ ಒಬ್ರು ಒಂದು ಹಿಡಿ ಅನ್ನ ಕೊಡ್ಬೇಕಲ್ಲ. ಆ ಊರಿನಲ್ಲಿ ಯಾರೋ ಕೊಡ್ಲಿ ಅಂತ ಆಸೆ ಪಡುವವಳು ಈ ಊರಿನಲ್ಲಿ ನಾನು ಕೊಡ್ಬೇಕಾ ಬೇಡ್ವಾ?"

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ದೇವದಾಸರ ಮನೆತನದಲ್ಲಿ, ಅಪ್ಪಿಯ ಮನೆಯೂ ಸೇರಿ ಕರಾವಳಿಯ ಇನ್ನೂ ಹಲವು ಮನೆಗಳಲ್ಲಿ ಇರುವಂತೆ, ದೀಪಾವಳಿಯೆಂದರೆ ಸತ್ತವರ ಹಬ್ಬವೂ ಹೌದು. ಅಮಾವಾಸ್ಯೆಯ ಸಂಜೆ ಬಾಳೆ ಎಲೆ ಹಾಕಿ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಮನೆಯವರು ಹೊರಗೆ ಕೂರುತ್ತಾರೆ. ಆ ಅಡುಗೆಯನ್ನು ಅವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ, ಉಪ್ಪು ಹಾಕಿದವರೂ ಕೂಡ. ಉಂಡು ಮುಗಿದಿರಬಹುದೆನ್ನಿಸಿದ ಮೇಲೆ ಬಾಗಿಲು ತಟ್ಟಿಯೇ ತೆರೆಯಬೇಕು. ತಟ್ಟದೆ ತೆರೆದರೆ, ನೋಡಬಾರದ್ದು ಕಣ್ಣಿಗೆ ಬಿದ್ದೀತು.

ಕಿಟ್ಟಿಗೆ ಎಲೆ ಹಾಕುವುದೋ ಬಿಡುವುದೋ? ಹಾಕಿದರೆ ಬದುಕಿರುವ ಗಂಡನನ್ನು ತಾನೇ ಕೈಯಾರೆ ಸಾಯಿಸಿದ ಹಾಗೆ. ಹಾಕದಿದ್ದರೆ, ಅವರು ಸತ್ತಿದ್ದರೆ, ಎಲ್ಲರ ಸತ್ತವರೂ ಉಂಡು ಹೋಗುವ ದಿನ ಅವರೊಬ್ಬರೇ ಬಾಗಿಲಾಚೆ ಹಸಿದು ನಿಂತಿರುತ್ತಾರೆ. ವರ್ಷ ವರ್ಷವೂ ದೀಪಾವಳಿ ಬಂತೆಂದರೆ ಅಪ್ಪಿಗೆ ಎದೆಯ ಮೇಲೆ ಕಲ್ಲು. ಪುಣೆಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಬೊಂಬೆ ಸೈನಿಕರನ್ನು ನಿಲ್ಲಿಸುವಾಗ, ಇವರು ಒಂದು ಡಬ್ಬಿ ಹೆಚ್ಚಿಗೆ ತುಂಬಿ ಕಟ್ಟೆಯ ತುದಿಗೆ ಇಟ್ಟು, ಎಲೆಯೂ ಅಲ್ಲದ ಊಟವೂ ಅಲ್ಲದ ಆ ಡಬ್ಬಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು.

ಮಕ್ಕಳು ಈ ಕಥೆಯೊಳಗೆ ಬಂದದ್ದು ಪಕ್ಕದ ಸೊಸೈಟಿಯಲ್ಲೇ ಇರುವ ದೇವದಾಸರ ಸೊಸೆ ಭವ್ಯಶ್ರೀಯಿಂದ. ದೀಪಾವಳಿಯಲ್ಲಿ ಸೊಸೈಟಿಯ ಮನೆಮನೆಯಿಂದ ಫರಾಳದ ತಟ್ಟೆ ಓಡಾಡುತ್ತದೆ: ಚಕ್ಕುಲಿ, ಚಿವಡಾ, ಕರಂಜಿ, ರವೆಲಾಡು. ಎಲ್ಲರ ಮನೆಯಲ್ಲೂ ಅದೇ ಇರುವಾಗ ತಿನ್ನುವವರು ಯಾರು? ಒಮ್ಮೆ ತಾನೇ ಕೈ ಸುಟ್ಟುಕೊಂಡು ಕರಿದ ಚಕ್ಕುಲಿ ನಾಲ್ಕು ಮನೆ ಸುತ್ತಿ, ಬೇರೆ ತಟ್ಟೆಯಲ್ಲಿ, ಬೇರೆ ಕರವಸ್ತ್ರ ಹೊದ್ದು ತನ್ನ ಮನೆಗೇ ಮರಳಿದ್ದನ್ನು ಭವ್ಯಶ್ರೀ ಗುರುತು ಹಿಡಿದರು. "ತವರಿಗೆ ಬಂದ ಮಗಳ ಹಾಗೆ ಬಂತು ಮಾರ್ರೆ" ಎಂದು ನಗುತ್ತಾರೆ. ಆ ವರ್ಷದಿಂದ ಸೊಸೈಟಿಯ ಮಕ್ಕಳು ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ, ತಮ್ಮ ತಮ್ಮ ಮನೆಯಲ್ಲೇ ಮಾಡಿದ್ದನ್ನು ಒಂದೊಂದು ಡಬ್ಬಿ ತುಂಬಿಸಿ ತಂದು ಅಪ್ಪಿಯ ಕಟ್ಟೆಯ ಮೇಲಿಡುತ್ತಾರೆ.

ಅಪ್ಪಿ ಮಕ್ಕಳಿಗೆ ಹೇಳಿಕೊಟ್ಟದ್ದು ಹೆಚ್ಚೇನಿಲ್ಲ. ನೀನು ತಿನ್ನದ್ದನ್ನು ತರಬೇಡ. ಎಲೆಯಲ್ಲಿ ಬಿಟ್ಟು ಏಳಬೇಡ. ಇಟ್ಟ ಮೇಲೆ ಬೆನ್ನು ಹಾಕು. ಒಬ್ಬ ಹುಡುಗ ಫೋಟೊ ತೆಗೆಯುತ್ತೇನೆಂದಾಗ, "ನೀನು ಊಟ ಮಾಡುವಾಗ ಬಂದು ನಾನು ತೆಗೀಲಾ?" ಎಂದರಂತೆ. ಆ ಮನೆಗಳಲ್ಲಿ ಇದರ ಪರಿಣಾಮ ಹಬ್ಬ ಮುಗಿದ ಮೇಲೂ ಉಳಿದಿದೆ. ಮೈಸೂರಿನಿಂದ ಬಂದು ಇಲ್ಲಿ ಐಟಿ ಕಂಪನಿಯಲ್ಲಿರುವ ಸಿಂಧೂರ ಹೇಳುವುದು ಕೇಳಿ: "ಮೊದ್ಲೆಲ್ಲ ಸಂಡೇ ಫ್ರಿಜ್ ಕ್ಲೀನ್ ಮಾಡೋದು ಅಂದ್ರೆ ಅರ್ಧ ಡಸ್ಟ್‌ಬಿನ್‌ಗೇ. ಈಗ ನನ್ ಮಗಳು ಬಾಗ್ಲಲ್ಲೇ ನಿಂತ್ಕೊಂಡು 'ಅಮ್ಮ, ಇದನ್ನ ನೀನು ತಿಂತೀಯಾ?' ಅಂತ ಕೇಳ್ತಾಳೆ. ಮನೇಲಿ ಇನ್‌ಸ್ಪೆಕ್ಟರ್ ಇಟ್ಕೊಂಡ ಹಾಗಾಗಿದೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಈಗ ನಾನು ಅಕ್ಕಿ ಹಾಕೋವಾಗ್ಲೇ ಅಳೆದು ಹಾಕ್ತೀನಿ."

ಆ ಮಕ್ಕಳಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಪಾಠ ಕಲಿತವಳು ಭವ್ಯಶ್ರೀಯ ಮಗಳು, ಎಂಟರ ದೀಕ್ಷಿತಾ. ಎಷ್ಟು ಗಟ್ಟಿಯಾಗಿ ಎಂಬುದು ಕಳೆದ ವರ್ಷ ಗೊತ್ತಾಯಿತು.

ಕಳೆದ ವರ್ಷ ಮಳೆಗಾಲದಿಂದಲೇ ಹೋಟೆಲಿನಲ್ಲಿ ಏನೋ ಸರಿಯಿರಲಿಲ್ಲ. ಮುಚ್ಚಿಟ್ಟ ಹಾಲು ಒಡೆಯುತ್ತಿತ್ತು. ಹಿಂಬಾಗಿಲಿನ ಹೊಸ್ತಿಲ ಮೇಲೆ ಒಂದೇ ಕಡೆ ನೀರು ನಿಲ್ಲುತ್ತಿತ್ತು, ಒರೆಸಿದಷ್ಟೂ ಮತ್ತೆ. ಊರಿನ ಹಿರಿಯರು ಫೋನಿನಲ್ಲೇ ಹೇಳಿಬಿಟ್ಟರು: ಹಸಿದವನೊಬ್ಬ ಬಾಗಿಲಲ್ಲಿ ನಿಂತಿದ್ದಾನೆ, ಅವನಿಗೆ ಎಲೆ ಹಾಕಿ ದಾರಿ ತೋರಿಸಿ. ದೇವದಾಸ್ ಅಪ್ಪಿಯನ್ನು ಕೂರಿಸಿಕೊಂಡು ಮಾತಾಡಿದರು. "ಹೋಟೆಲಿಗೋಸ್ಕರ ಹೇಳಿದ್ದಲ್ಲ ನಾನು" ಎನ್ನುತ್ತಾರೆ ಅವರು. "ಆ ಹೆಂಗಸು ಎಷ್ಟು ವರ್ಷ ಅಂತ ಹೊಸ್ತಿಲ ಮೇಲೆ ನಿಂತಿರುವುದು? ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಅವಳಿಗೂ ಒಂದು ದಾರಿ ಆಗ್ಲಿ ಅಂತ." ಅಪ್ಪಿ ಎರಡು ದಿನ ಎಂದಿನಂತೆ ಡಬ್ಬಿ ತುಂಬಿಸಿದರು. ಮೂರನೆಯ ದಿನ ಹುರುಳಿ ನೆನೆಹಾಕಿದರು.

ಅಮಾವಾಸ್ಯೆಯ ಸಂಜೆ ಹೋಟೆಲಿಗೆ ರಜೆ. ಅಪ್ಪಿಯ ಬಾಡಿಗೆ ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಆದ್ದರಿಂದ ಎಲೆಯನ್ನು ಹೋಟೆಲಿನ ಅಡುಗೆಮನೆಯಲ್ಲೇ ಹಾಕಿದರು. ಅಲ್ಲಿಗೆ ಮೀನು ಕೋಳಿ ಬರುವಂತಿಲ್ಲ. ಬಂಗುಡೆ ಇಲ್ಲದ ಊಟ ಕಿಟ್ಟಿಗೆ ಶಿಕ್ಷೆಯೇ ಸರಿ, ಆದರೆ ಸತ್ತವರೂ ಧಣಿಯ ಮಾತು ಕೇಳಬೇಕು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆಯ ಪದಾರ್ಥ, ಅರಿಶಿನ ಎಲೆಯ ಕಡುಬು, ಒಂದು ಎಳನೀರು. ಅಪ್ಪಿ ರುಚಿ ನೋಡದೆ, ಕೈಯಂದಾಜಿನಲ್ಲಿ ಉಪ್ಪು ಹಾಕಿ, ಬಡಿಸಿ, ದೀಪ ಹಚ್ಚಿ, ನಡುಬಾಗಿಲು ಮುಚ್ಚಿ ಬಂದರು. ಮನೆಮಂದಿಯೆಲ್ಲ ಗಿರಾಕಿಗಳ ಮೇಜುಗಳ ಮುಂದೆ ಸುಮ್ಮನೆ ಕೂತರು. ಒಳಗಿನಿಂದ ಏನೋ ಸದ್ದು ಕೇಳಿತೆಂದು ಭವ್ಯಶ್ರೀ ಈಗಲೂ ಹೇಳುತ್ತಾರೆ. ಬಹಳ ಮೆಲ್ಲಗೆ, ಎಲೆಯ ಮೇಲೆ ಕೈಯಾಡಿದ ಹಾಗೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ದೇವದಾಸ್ ಬಾಗಿಲು ತಟ್ಟಿ ತೆರೆದರು. ದೀಪ ಉರಿಯುತ್ತಿತ್ತು. ಎಲೆ ಖಾಲಿ. ಒಂದು ಅಗುಳು ಉಳಿದಿರಲಿಲ್ಲ, ಸಾರು ಹರಿದ ಗುರುತನ್ನೂ ಒರೆಸಿದಂತಿತ್ತು.

ದೇವದಾಸರಂಥ ದೇವದಾಸರು ನಿಂತಲ್ಲೇ ಕೈಮುಗಿದರು. ಇಷ್ಟು ವರ್ಷ ಎಲೆ ಹಾಕಿದವರು, ಎಲೆ ಖಾಲಿಯಾದದ್ದನ್ನು ಕಂಡದ್ದು ಅದೇ ಮೊದಲು. ಅಪ್ಪಿ ಅಳಲಿಲ್ಲ. ಆ ಎಲೆಯನ್ನು ನೋಡಿ, "ಪಾಪ, ಅಷ್ಟು ಹಸಿದಿದ್ರು" ಎಂದಷ್ಟೇ ಹೇಳಿ ಊಟ ಮಾಡದೆ ತನ್ನ ಕೋಣೆಗೆ ನಡೆದರು. ಉಳಿದವರು ಪದ್ಧತಿಯಂತೆ ಪಾತ್ರೆಯಲ್ಲಿ ಮಿಕ್ಕಿದ್ದನ್ನು ಬಡಿಸಿಕೊಂಡು ಉಂಡರು. ಕೋಣೆಯಲ್ಲಿ ಅಪ್ಪಿ ಕರಿಮಣಿ ಬಿಚ್ಚಿ ಅಕ್ಕಿಡಬ್ಬಿಯೊಳಗೆ ಹುದುಗಿಸಿದರು.

ಮರುದಿನ ಬೆಳಗ್ಗೆ ಬರಿಗೊರಳಿನಲ್ಲಿ ಬಂದ ಅಪ್ಪಿಗೆ ಕಟ್ಟೆಯ ತುದಿಯಲ್ಲಿ ಒಂದು ಡಬ್ಬಿ ಕಂಡಿತು. ಸಂಜೆ ಅವರು ಯಾವ ಡಬ್ಬಿಯನ್ನೂ ಇಟ್ಟಿರಲಿಲ್ಲ. ತೊಳೆದಿತ್ತು, ಆದರೆ ಬೋರಲು ಹಾಕಿರಲಿಲ್ಲ, ಮುಚ್ಚಳ ಮುಚ್ಚಿತ್ತು. ತೆರೆದು ನೋಡಿದರು. ತಳದಲ್ಲಿ ಒಂದೇ ಒಂದು ಹರಳು ಕಲ್ಲುಪ್ಪು.

ಅಪ್ಪಿ ಡಬ್ಬಿ ಹಿಡಿದೇ ಒಳಗೆ ಓಡಿದರು. ಹಿಂದಿನ ಸಂಜೆಯ ಹುರುಳಿ ಸಾರು ತಂಪುಪೆಟ್ಟಿಗೆಯಲ್ಲಿ ಸ್ವಲ್ಪ ಉಳಿದಿತ್ತು. ಬೆರಳದ್ದಿ ನಾಲಗೆಗಿಟ್ಟುಕೊಂಡರು. ಉಪ್ಪು ಕಡಿಮೆಯಿತ್ತು.

"ನಮಗೆಲ್ಲ ಉಣ್ಣುವಾಗಲೇ ಗೊತ್ತಾಗಿತ್ತು" ಎನ್ನುತ್ತಾರೆ ಭವ್ಯಶ್ರೀ. "ಅವತ್ತು ಅಪ್ಪಿಯಕ್ಕನ ಹತ್ರ ಹೋಗಿ ಸಾರಿಗೆ ಉಪ್ಪಿಲ್ಲ ಅಂತ ಹೇಳುವವರು ಯಾರು?"

ದೀಕ್ಷಿತಾ ಹಲ್ಲುಜ್ಜುತ್ತಾ ಕೆಳಗಿಳಿದು ಬಂದವಳು ಆ ಡಬ್ಬಿ ನೋಡಿ, "ಓ, ನನ್ನ ಡಬ್ಬಿ ಬಂತಾ ಅಪ್ಪಿಯಜ್ಜಿ?" ಎಂದಳು. ಗುಟ್ಟು ಹೊರಬಿದ್ದದ್ದು ಹಾಗೆ. ದೊಡ್ಡವರು ಮುಂದಿನ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾಗ, ಹಿಂದಿನ ಓಣಿಯಲ್ಲಿ ಸುರುಸುರುಬತ್ತಿ ಹಚ್ಚುತ್ತಿದ್ದ ಹುಡುಗಿ ಬೆಂಕಿಪೆಟ್ಟಿಗೆಗೆಂದು ಅಡುಗೆಮನೆಗೆ ನುಗ್ಗಿದ್ದಳು. ಹಿಂಬಾಗಿಲಿಗೆ ಅಗುಳಿ ಹಾಕುವುದು ಯಾರ ನೆನಪಿಗೂ ಬಂದಿರಲಿಲ್ಲ. ಪ್ರತಿವರ್ಷ ಮನೆಯಲ್ಲಿ ಹಾಕುವಂಥ ಎಲೆ ಈ ಸಲ ಇಲ್ಲೂ ಹಾಕಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ತುಂಬಿದ ಎಲೆ, ಎದುರಿಗೆ ಯಾರೂ ಇಲ್ಲ. ಯಾರೋ ಎಲೆಯಲ್ಲಿ ಬಿಟ್ಟು ಎದ್ದಿದ್ದಾರೆ ಎಂದುಕೊಂಡಳು. ಅಪ್ಪಿಯಜ್ಜಿ ಕಲಿಸಿದಂತೆ ಎಲ್ಲವನ್ನೂ ಬಾಚಿ ಡಬ್ಬಿಗೆ ತುಂಬಿ, ಎಲೆ ಒರೆಸಿ, ಡಬ್ಬಿಯನ್ನು ಕಟ್ಟೆಯ ತುದಿಯಲ್ಲಿಟ್ಟು, ಬೆನ್ನು ಹಾಕಿ ಹತ್ತು ಎಣಿಸುವಷ್ಟು ಹೊತ್ತು ನಿಂತು, ಪಟಾಕಿ ಹಚ್ಚಲು ಓಡಿದ್ದಳು.

ಸತ್ತವರ ಎಲೆಯ ಅನ್ನ ಹೊರಗಿನವರಿಗೆ ಹೋಗಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ದೇವದಾಸರಿಗೆ ಸಿಡಿಲು ಬಡಿದಂತಾಯಿತು. ಮಗುವಿಗೆ ಬೈಯಲು ಬಾಯಿ ತೆರೆದವರನ್ನು ಅಪ್ಪಿ ತಡೆದರು. "ಅವಳಿಗೆ ಕಲಿಸಿದ್ದು ನಾನು" ಎಂದರು. ಆಮೇಲೆ ಕೋಣೆಗೆ ಹೋಗಿ, ಅಕ್ಕಿಡಬ್ಬಿಗೆ ಕೈ ಹಾಕಿ, ಕರಿಮಣಿ ತೆಗೆದು ಕಟ್ಟಿಕೊಂಡು ಬಂದು ಇಡ್ಲಿ ಪುಡಿಮಾಡಲು ಕೂತರು.

ಡಬ್ಬಿ ಕೊಂಡೊಯ್ದವರು ಯಾರು? ಶಿವಪ್ಪನವರ ಬಳಿ ಒಂದು ಉತ್ತರವಿದೆ. "ಕೊಟ್ಟ ಭಾಂಡೆ ಖಾಲಿ ಹೊಳ್ಳಿ ಕೊಡಬಾರದ್ರಿ. ಉಳ್ಳವರು ಸಕ್ರಿ ಹಾಕ್ತಾರ, ಇಲ್ಲದವರು ಒಂದ್ ಹಳ್ಳು ಉಪ್ಪು ಹಾಕ್ತಾರ. ಅದ್ರಾಗೇನದ?" ಸಮಾಧಾನದ ಮಾತು. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಅವರೇ ದನಿ ತಗ್ಗಿಸಿ ಸೇರಿಸುತ್ತಾರೆ: "ಖರೇ ಹೇಳ್ಬೇಕಂದ್ರ, ಅವತ್ತ ಚೌಕದಾಗ ಒಂದ್ ನರಪಿಳ್ಳಿನೂ ಇರ್ಲಿಲ್ರಿ. ಹಿಂದಿನ ದಿನ ಡಬ್ಬಿ ಉಂಡು ಎಲ್ಲಾರೂ ದಿವಾಳಿಗಿ ಊರಿಗಿ ಹೋಗಿದ್ರು. ನಾ ರಾತ್ರಿಪೂರಾ ಗೇಟಿನ್ಯಾಗ ಕುಂತಿದ್ದೆ. ಓಣ್ಯಾಗ ಯಾರೂ ಬಂದಿಲ್ಲ. ನಾಯಿ ಅಂತೂ ಬೊಗಳೇ ಇಲ್ಲ."

ಅಪ್ಪಿ ಬೀಗ ಹಾಕಿದ ಬಾಗಿಲನ್ನು ತಟ್ಟತೊಡಗಿದ್ದು ಆಮೇಲಿನಿಂದ.

ಈ ದೀಪಾವಳಿಗೆ ದೇವದಾಸ್ ಮತ್ತೆ ಕೇಳಿದ್ದಾರೆ. ಹೋದ ವರ್ಷದ್ದು ಕೆಟ್ಟುಹೋಯಿತು, ಈ ವರ್ಷ ಹಿಂಬಾಗಿಲಿಗೆ ಅಗುಳಿ ಹಾಕಿ ಸರಿಯಾಗಿ ಎಲೆ ಹಾಕೋಣ ಎಂಬುದು ಅವರ ಮಾತು. ಅಪ್ಪಿ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಇಂದು ನರಕ ಚತುರ್ದಶಿ, ನಾಳೆ ಅಮಾವಾಸ್ಯೆ. ಬಾಳೆ ಎಲೆ ತರಲು ಮಾರುಕಟ್ಟೆಗೆ ಆಳು ಕಳಿಸಬೇಕಾದ್ದರಿಂದ ದೇವದಾಸ್ ಬೆಳಗ್ಗೆಯೇ ಹಿಂಬಾಗಿಲಿಗೆ ಬಂದು ನಿಂತಿದ್ದಾರೆ.

ಓಣಿಯ ತುಂಬ, ಎಣ್ಣೆಸ್ನಾನಕ್ಕೆ ಮೈಗೆ ಹಚ್ಚುವ ಉಟಣೆ ಪುಡಿಯ ಪರಿಮಳ. ಮಕ್ಕಳು ಎಣ್ಣೆ ಮಿರುಗುವ ತಲೆಯಲ್ಲಿ, ಹೊಸ ಬಟ್ಟೆಯಲ್ಲಿ, ಡಬ್ಬಿಗಳನ್ನು ಎರಡೂ ಕೈಯಲ್ಲಿ ಹಿಡಿದು "ಚಲಾ, ಚಲಾ" ಎಂದು ಒಬ್ಬರನ್ನೊಬ್ಬರು ನೂಕುತ್ತಾ ಬರುತ್ತಾರೆ. ಒಬ್ಬೊಬ್ಬರೇ ಇಟ್ಟು, ತಿರುಗಿ, ಅಪ್ಪಿಯ ಪಕ್ಕ ಕಟ್ಟೆಗೆ ಬೆನ್ನು ಹಾಕಿ ಸಾಲಾಗಿ ನಿಲ್ಲುತ್ತಾರೆ. ಗಲಾಟೆ ತಾನಾಗಿಯೇ ತಗ್ಗುತ್ತದೆ. ಅಷ್ಟು ಜನ ಮಕ್ಕಳು ಹೋಟೆಲಿನ ಗೋಡೆಗೆ ಮುಖ ಮಾಡಿ ನಿಂತಿರುವುದನ್ನು ಕಂಡರೆ ಹಗಲಲ್ಲೂ ಶಿವಪ್ಪನವರ ಅನುಮಾನ ನೆನಪಾಗುತ್ತದೆ.

"ಎಂತ ಮಾಡುವಾ ಅಪ್ಪಿ?" ದೇವದಾಸ್ ಮೆಲ್ಲಗೆ ಕೇಳುತ್ತಾರೆ. "ಎಲೆ ತರ್ಸ್ಲಾ?"

"ಬೇಡ ದೇವಣ್ಣ" ಎನ್ನುತ್ತಾರೆ ಅಪ್ಪಿ. "ನಿಮ್ಮ ಹಿರಿಯರಿಗೆಲ್ಲ ಹಾಕಿ, ಅಡುಗೆ ನಾನೇ ಮಾಡಿ ಕೊಡ್ತೇನೆ. ಇವ್ರಿಗೆ ಮಾತ್ರ ಬೇಡ. ಬದುಕಿದ್ರೆ ಡಬ್ಬಿ ಉಂಟು. ಇಲ್ದಿದ್ರೆ, ಡಬ್ಬಿಯೇ ಎಲೆ ಅಂತ ಅವ್ರು ತಿಳ್ಕೊಳ್ಳಿ."

ದೇವದಾಸ್ ಆಳನ್ನು ಕರೆದು, ಒಂದು ಎಲೆ ಕಡಿಮೆ ತಾ ಎಂದು ಕಳಿಸುತ್ತಾರೆ. ದೀಕ್ಷಿತಾ ಅಷ್ಟಕ್ಕೇ ಬಿಡುವವಳಲ್ಲ. "ಅಪ್ಪಿಯಜ್ಜಿ, ಒಂದೇ ಒಂದು ಸಲ ತಿರುಗಿ ನೋಡಿದ್ರೆ ಗೊತ್ತಾಗ್ತದಲ್ಲ?"

"ಗೊತ್ತಾಗ್ತದೆ ಮಗಾ. ಬೇರೆ ಯಾರೋ ಅಂತ ಗೊತ್ತಾದ್ರೆ? ನಾಳೆಯಿಂದ ಅವನಿಗೆ ಡಬ್ಬಿ ಇಡುವಾಗ, ನೀನು ಯಾಕೆ ಅವ್ರಲ್ಲ ಅಂತ ನನ್ನ ಕೈ ಹಿಂದೆ ಬಂದೀತು. ಹಸಿದವನ ತಪ್ಪೆಂತ ಅದರಲ್ಲಿ?"

ಹಿಂದೆ ಚಪ್ಪಲಿಗಳ ಸದ್ದು ಬಂದು ಹೋಗುತ್ತದೆ. ಮುಚ್ಚಳಗಳು ಕಟಕಟ ಎನ್ನುತ್ತವೆ. ಕಟ್ಟೆಯ ತುದಿಯಲ್ಲಿ ಅಪ್ಪಿ ಇಟ್ಟ ಡಬ್ಬಿಯಲ್ಲಿ ಇವತ್ತು ಹುರುಳಿ ಸಾರು, ಕುಚ್ಚಲಕ್ಕಿ ಅನ್ನ. ಮುಂಜಾನೆ ಸಾರು ಕುದಿಯುವಾಗ ದೀಕ್ಷಿತಾ ಒಲೆಯ ಪಕ್ಕದಲ್ಲೇ ಇದ್ದಳು. ಆ ಒಂದು ಡಬ್ಬಿಗೆ ಮೊದಲೇ ಸಾರು ಬಗ್ಗಿಸಿ ತೆಗೆದಿಟ್ಟು, ಆಮೇಲೆ ಮತ್ತಷ್ಟು ಉಪ್ಪನ್ನು ಪಾತ್ರೆಗೆ ಹಾಕಿದ್ದನ್ನು ಕಂಡವಳು ಅವಳೊಬ್ಬಳೇ.

"ಅಪ್ಪಿಯಜ್ಜಿ" ಎಂದು ಸೆರಗು ಜಗ್ಗಿ ಪಿಸುಗುಟ್ಟುತ್ತಾಳೆ, "ಆ ಡಬ್ಬಿಗೆ ನೀವು ಉಪ್ಪು ಸರಿಯಾಗಿ ಹಾಕ್ಲಿಲ್ಲ."

"ಹಾಕಿದ್ದೇನೆ. ಒಂದು ಹರಳು ಕಡಿಮೆ."

"ಯಾಕೆ?"

ಅಪ್ಪಿ ಗೋಡೆಯನ್ನೇ ನೋಡುತ್ತಾ, ಬೆನ್ನ ಹಿಂದಿನ ಕಟ್ಟೆಗೆ ಕಿವಿಗೊಟ್ಟು ನಿಂತಿದ್ದಾರೆ. ಕೈ ತಾನಾಗಿ ಕರಿಮಣಿಯ ಮೇಲೆ ಹೋಗಿದೆ.

"ಸರಿ ಇದ್ರೆ ಅವ್ರು ಯಾವತ್ತೂ ಬಾಯಿ ಬಿಟ್ಟವ್ರಲ್ಲ ಮಗಾ" ಎನ್ನುತ್ತಾರೆ. "ದೂರ್ಲಿಕ್ಕಾದ್ರೂ ಬರ್ಲಿ."